ಕಣದಲ್ಲಿ ಮಲಗಿದವರ ಭತ್ತ ಯಾರದ್ದು?

ಹೋದ ಏಪ್ರಿಲ್‌ನಲ್ಲಿ ಗೋಪಾಳದಲ್ಲಿ ರಾತ್ರಿ ಕರೆಂಟ್ ಹೋಯ್ತು. ಚಾಪೆ ಹಿಡ್ಕೊಂಡು ಟೆರೇಸ್ ಹತ್ತಿದೆ. ಗಾಳಿ, ನಕ್ಷತ್ರ, ಒಂದು ರೀಲ್ಸ್ ಕೂಡ ಮಾಡಿದೆ. ಆಗ ನೆನಪಾಗಿದ್ದು ಸಾಗರದ ಕಡೆಯ ನಮ್ಮ ಅಜ್ಜ. ಅವರ ಪ್ರಾಯವೆಲ್ಲ ಬಯಲಲ್ಲಿ ಮಲಗೋದ್ರಲ್ಲೇ ಕಳೆದಿತ್ತು.

ಮಲೆನಾಡಲ್ಲಿ ಭತ್ತ ಕೊಯ್ದು ಕಣಕ್ಕೆ ತಂದ ಮೇಲೆ ಒಬ್ಬರಾದ್ರೂ ಅಲ್ಲೇ ಮಲಗಬೇಕು. ಕಂಬಳಿ, ಅಡಿಗೆ ಒಂದಿಷ್ಟು ಹುಲ್ಲು, ಪಕ್ಕದಲ್ಲಿ ಬೆಂಕಿ. ಬೆಳಗಾಗೋದ್ರೊಳಗೆ ಇಬ್ಬನಿಗೆ ಕಂಬಳಿ ಒದ್ದೆ. ದನ, ಹಂದಿ, ಕಳ್ಳರು, ಎಲ್ಲರಿಂದಲೂ ರಾಶಿ ಕಾಯಬೇಕು.

"ಅಜ್ಜ, ಚಳಿಗೆ ನಿದ್ದೆ ಹೆಂಗೆ ಬರ್ತಿತ್ತು?" ಅಂತ ಕೇಳಿದ್ದೆ.

"ಚಳಿ ಬಿಡಾ ಮಾರಾಯ, ನಾಳೆ ಒಡೇರು ಅಳೆಯಕ್ಕೆ ಬರ್ತಾರೆ ಅಂದ್ರೆ ನಿದ್ದೆ ಎಲ್ಲಿಂದ ಬರ್ಬೇಕು?"

ನಾನು ಬಿಕಾಂ ಓದಿದವನು. ಕ್ಲಾಸಲ್ಲಿ ಸ್ಟಾಕ್ ಕಾಯೋನಿಗೆ ಸಂಬಳ ಅಂತ ಒಂದು ಲೆಕ್ಕ ಇರುತ್ತೆ. ಇಲ್ಲಿ ಉತ್ತವನೂ ಅವನೇ, ರಾತ್ರಿ ಕಾದವನೂ ಅವನೇ, ಗೇಣಿ ಕೊಟ್ಟು ಉಳಿದಿದ್ದೇ ಅವನ ಪಾಲು. ಆ ಗೇಣಿಯನ್ನ ಅಳೀತಾ ಇದ್ದಿದ್ದು ಕೊಳಗದಲ್ಲಿ. ಕೊಳಗ ಒಂದು ಚೂರು ದೊಡ್ಡದಾದ್ರೂ ಪ್ರತಿ ಅಳತೆಗೂ ಒಂದಿಷ್ಟು ಭತ್ತ ಒಡೆಯರ ಕಡೆ ಹೆಚ್ಚಿಗೆ ಹೋಗುತ್ತೆ. ಇಡೀ ರಾಶಿಗೆ ಗುಣಿಸಿ ನೋಡಿ. ಅಂದ ಹಾಗೆ, ಒಕ್ಕೋದು ಅಂದ್ರೆ ಭತ್ತ ಬಡಿಯೋದು, ಒಕ್ಕಲು ಅಂದ್ರೆ ಗೇಣಿದಾರ. ಎರಡು ಮಾತೂ ಕಣದಲ್ಲೇ ಇರ್ತಿದ್ವು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಹತ್ತಿದ್ದೇ ಈ ಕೊಳಗದ ಅಳತೆ ಮೇಲೆ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನ ಸಂಘಟಿಸಿದ್ರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯ್ತು, ಜನ ಗದ್ದೆಗಿಳಿದು ಜೈಲಿಗೆ ಹೋದ್ರು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತ್ರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದ್ರು, ಅವರನ್ನೂ ಬಂಧಿಸಿದ್ರು. ಮರುವರ್ಷವೇ ಗೋಪಾಲಗೌಡರು ಶಾಸಕರಾದ್ರು. ಆದ್ರೆ ಕಣದಲ್ಲಿ ಮಲಗೋರ ಸ್ಥಿತಿ ಅಷ್ಟು ಬೇಗ ಬದಲಾಗಲಿಲ್ಲ.

ಗೋಪಾಲಗೌಡರು 1972ರಲ್ಲಿ ತೀರಿಕೊಂಡ್ರು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಯಾಗಿದ್ದು 1974ರ ಮಾರ್ಚ್ 1ಕ್ಕೆ. ಅದನ್ನ ನೋಡೋಕೆ ಅವರಿರಲಿಲ್ಲ. ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ಹಕ್ಕು ಕೇಳಬಹುದಾಯ್ತು. ಬಾಯಿಮಾತಿನ ಗೇಣಿ ಮಾಡ್ತಿದ್ದವರ ಹತ್ರ ರಸೀದಿ ಎಲ್ಲಿಂದ ಬರ್ಬೇಕು? ಕಣದಲ್ಲಿ ಮಲಗಿದ್ದಕ್ಕೆ ಯಾರೂ ಚೀಟಿ ಬರೆದುಕೊಡಲ್ಲ. ನಮ್ಮಜ್ಜನಿಗೆ ಪಕ್ಕದ ಗದ್ದೆಯವರು ಸಾಕ್ಷಿ ಹೇಳಿದ್ರಂತೆ, ಜಮೀನು ಸಿಕ್ತು. ಅವರ ತಮ್ಮನಿಗೆ ಸಿಗಲಿಲ್ಲ. ಆತ ಭದ್ರಾವತಿಗೆ ಕೂಲಿಗೆ ಹೋದವರು ವಾಪಸ್ ಬರಲಿಲ್ಲ.

ಹಕ್ಕು ಸಿಕ್ಕ ಮೇಲೂ ಅಜ್ಜ ಕಣದಲ್ಲೇ ಮಲಗ್ತಿದ್ರು. ನಿದ್ದೆ ಮಾತ್ರ ಬರ್ತಿತ್ತಂತೆ.

ನಿಮ್ಮನೆ ಅಟ್ಟದಲ್ಲಿ ಹಳೇ ಕೊಳಗ ಇದ್ರೆ ಅಕ್ಕಿ ತುಂಬಿ ತೂಕ ಹಾಕಿ, ಎಷ್ಟು ಬಂತು ಅಂತ ನಂಗೆ ವಾಯ್ಸ್ ನೋಟ್ ಕಳ್ಸಿ.