ತುಳು ಮತ್ತು ಇಂಗ್ಲಿಷ್ ವಾಕ್ಯರಚನೆಗಳ ಹೋಲಿಕೆ

ತುಳು ದ್ರಾವಿಡ ಭಾಷಾವರ್ಗಕ್ಕೂ ಇಂಗ್ಲಿಷ್ ಇಂಡೋ-ಯುರೋಪಿಯನ್ ವರ್ಗದ ಜರ್ಮ್ಯಾನಿಕ್ ಶಾಖೆಗೂ ಸೇರಿದ ಭಾಷೆಗಳು. ಇವುಗಳ ವಾಕ್ಯರಚನೆಯಲ್ಲಿ ಎರಡು ಮೂಲಭೂತ ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಇಂಗ್ಲಿಷಿನಲ್ಲಿ ಕ್ರಿಯಾಪದವು ಕರ್ಮಕ್ಕಿಂತ ಮೊದಲು ಬಂದರೆ ತುಳುವಿನಲ್ಲಿ ವಾಕ್ಯದ ಕೊನೆಗೆ ಬರುತ್ತದೆ. ಎರಡನೆಯದಾಗಿ, ಇಂಗ್ಲಿಷ್ ಪದಗಳ ಸ್ಥಾನದಿಂದಲೂ ಸಹಾಯಕ ಪದಗಳಿಂದಲೂ ಸೂಚಿಸುವ ಸಂಬಂಧಗಳನ್ನು ತುಳು ಹೆಚ್ಚಾಗಿ ಪ್ರತ್ಯಯಗಳಿಂದ ಸೂಚಿಸುತ್ತದೆ. ಕೆಳಗಿನ ತುಳು ಉದಾಹರಣೆಗಳು ಮಂಗಳೂರು ಸುತ್ತಮುತ್ತಲಿನ ಸಾಮಾನ್ಯ ತುಳುವಿನವು. ಬ್ರಾಹ್ಮಣರ ತುಳುವಿನಲ್ಲಿಯೂ ಕೆಲವು ಪ್ರಾದೇಶಿಕ ಪ್ರಭೇದಗಳಲ್ಲಿಯೂ ರೂಪಗಳು ಭಿನ್ನವಾಗಿರುತ್ತವೆ.

ಹಿನ್ನೆಲೆ

ತುಳು ಮುಖ್ಯವಾಗಿ ಕರ್ನಾಟಕದ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಹಾಗೂ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಬಳಕೆಯಲ್ಲಿದೆ. 2011ರ ಜನಗಣತಿಯಂತೆ ಭಾರತದಲ್ಲಿ 18,46,427 ಜನರು ತುಳುವನ್ನು ಮಾತೃಭಾಷೆಯೆಂದು ದಾಖಲಿಸಿದ್ದಾರೆ. ಸಂವಿಧಾನದ ಎಂಟನೆಯ ಪರಿಚ್ಛೇದದಲ್ಲಿರುವ 22 ಭಾಷೆಗಳಲ್ಲಿ ಇದು ಸೇರಿಲ್ಲ. ಬಾಸೆಲ್ ಮಿಷನ್ನಿನ ಜೆ. ಬ್ರಿಗೆಲ್ ಅವರು 1872ರಲ್ಲಿ ಇಂಗ್ಲಿಷಿನಲ್ಲಿ ತುಳು ವ್ಯಾಕರಣವನ್ನು ಪ್ರಕಟಿಸಿದರು. 1967ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಡಿ. ಎನ್. ಶಂಕರ ಭಟ್ ಅವರ ತುಳು ಭಾಷೆಯ ವರ್ಣನಾತ್ಮಕ ಅಧ್ಯಯನವನ್ನು ಪ್ರಕಟಿಸಿತು.

ಪದಕ್ರಮ

'ರಾಮೆ ಆನೆನ್ ತೂಯೆ' (ರಾಮನು ಆನೆಯನ್ನು ನೋಡಿದನು) ಎಂಬ ತುಳು ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮವಿದೆ. ಇದೇ ಅರ್ಥದ ಇಂಗ್ಲಿಷ್ ವಾಕ್ಯದಲ್ಲಿ 'ನೋಡಿದನು' ಎಂಬರ್ಥದ ಪದವು ಕರ್ತೃವಿನ ಬೆನ್ನಿಗೇ ಬಂದು ಕರ್ಮವು ಕೊನೆಯಲ್ಲಿ ನಿಲ್ಲುತ್ತದೆ. ತುಳುವಿನಲ್ಲಿ 'ಆನೆನ್ ರಾಮೆ ತೂಯೆ' ಎಂದರೂ ನೋಡಿದವನು ರಾಮನೇ. ಏಕೆಂದರೆ 'ಆನೆನ್' ಎಂಬಲ್ಲಿನ ದ್ವಿತೀಯಾ ವಿಭಕ್ತಿ ಪ್ರತ್ಯಯವು ಕರ್ಮವನ್ನು ಗುರುತಿಸುತ್ತದೆ. ಇಂಗ್ಲಿಷಿನಲ್ಲಿ ಹೀಗೆ ನಾಮಪದಗಳನ್ನು ಅದಲುಬದಲು ಮಾಡಿದರೆ ಆನೆಯೇ ರಾಮನನ್ನು ನೋಡಿತು ಎಂಬ ಅರ್ಥ ಬರುತ್ತದೆ.

ಇಂಗ್ಲಿಷಿನ 'ಇನ್', 'ಅಂಡರ್' ಮೊದಲಾದ ಪದಗಳು ನಾಮಪದಕ್ಕಿಂತ ಮೊದಲು ಬರುತ್ತವೆ. ತುಳುವಿನಲ್ಲಿ ಈ ಅರ್ಥಗಳು ನಾಮಪದದ ನಂತರ ಬರುತ್ತವೆ: 'ಇಲ್ಲಡ್' (ಮನೆಯಲ್ಲಿ), 'ಮರತ ಅಡಿಟ್' (ಮರದ ಅಡಿಯಲ್ಲಿ). ಇಂಗ್ಲಿಷಿನ 'ಎ', 'ದ' ಎಂಬ ಪದಗಳಿಗೆ ಸಮನಾದವು ತುಳುವಿನಲ್ಲಿಲ್ಲ. ಅಗತ್ಯವಿದ್ದಲ್ಲಿ 'ಒಂಜಿ' (ಒಂದು) ಎಂಬ ಸಂಖ್ಯಾವಾಚಕ ಬಳಕೆಯಾಗುತ್ತದೆ.

ಕ್ರಿಯಾಪದ ಮತ್ತು ಕರ್ತೃ

ಇಂಗ್ಲಿಷಿನ ಭೂತಕಾಲದ 'ಕೇಮ್' ಎಂಬ ರೂಪವು ಎಲ್ಲ ಕರ್ತೃಗಳಿಗೂ ಒಂದೇ. ತುಳುವಿನಲ್ಲಿ ಕ್ರಿಯಾಪದವು ಕರ್ತೃವಿನ ಪುರುಷ, ಲಿಂಗ ಮತ್ತು ವಚನಗಳಿಗೆ ಅನುಗುಣವಾಗಿ ಬದಲಾಗುತ್ತದೆ:

- ಯಾನ್ ಬತ್ತೆ (ನಾನು ಬಂದೆ)
- ಈ ಬತ್ತ (ನೀನು ಬಂದೆ)
- ಆಯೆ ಬತ್ತೆ (ಅವನು ಬಂದನು)
- ಆಳ್ ಬತ್ತಳ್ (ಅವಳು ಬಂದಳು)
- ಅವು ಬತ್ತ್ಂಡ್ (ಅದು ಬಂದಿತು)
- ಆಕುಲು ಬತ್ತೆರ್ (ಅವರು ಬಂದರು)

ಈ ಕಾರಣದಿಂದ ತುಳುವಿನಲ್ಲಿ ಕರ್ತೃಪದವನ್ನು ಬಿಟ್ಟು ಮಾತಾಡುವುದು ಸಹಜ. ಆದರೆ ಬರವಣಿಗೆಯಲ್ಲಿ ಒಂದು ತೊಡಕಿದೆ. 'ನಾನು ಬಂದೆ' ಎಂಬರ್ಥದ 'ಬತ್ತೆ'ಯ ಕೊನೆಯ ಸ್ವರವನ್ನು ಹೆಚ್ಚು ಬಾಯ್ದೆರೆದು ಉಚ್ಚರಿಸಲಾಗುತ್ತದೆ. 'ಅವನು ಬಂದನು' ಎಂಬರ್ಥದ 'ಬತ್ತೆ'ಯಲ್ಲಿ ಅದು ಸಾಮಾನ್ಯ ಎಕಾರ. ಕನ್ನಡ ಲಿಪಿಯಲ್ಲಿ ಮೊದಲಿನ ಸ್ವರಕ್ಕೆ ಪ್ರತ್ಯೇಕ ಚಿಹ್ನೆಯಿಲ್ಲದ ಕಾರಣ ಎರಡನ್ನೂ ಒಂದೇ ರೀತಿ ಬರೆಯಲಾಗುತ್ತದೆ. ಇಂಗ್ಲಿಷಿಗೆ ಅನುವಾದಿಸುವಾಗ ಕರ್ತೃಪದವನ್ನು ಹೇಳಲೇಬೇಕಾಗುವುದರಿಂದ, ಬಂದವರು ಯಾರೆಂಬುದನ್ನು ಸಂದರ್ಭದಿಂದ ನಿರ್ಧರಿಸಬೇಕಾಗುತ್ತದೆ.

ಗೌರವಸೂಚನೆಯೂ ಕ್ರಿಯಾಪದದಲ್ಲಿ ಕಾಣುತ್ತದೆ. 'ಈ ಬತ್ತನಾ?' (ನೀನು ಬಂದೆಯಾ?) ಮತ್ತು 'ಈರ್ ಬತ್ತರಾ?' (ತಾವು ಬಂದಿರಾ?) ಎಂಬ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ವಾಕ್ಯವಿದೆ.

ಕಾಲ ಮತ್ತು ನಿಷೇಧ

ಇಂಗ್ಲಿಷಿನ 'ಹೀ ಕೇಮ್' ಮತ್ತು 'ಹೀ ಹ್ಯಾಸ್ ಕಮ್' ಎಂಬ ಭೇದವು ತುಳುವಿನಲ್ಲಿ 'ಆಯೆ ಬತ್ತೆ' (ಬಂದನು) ಮತ್ತು 'ಆಯೆ ಬೈದೆ' (ಬಂದಿದ್ದಾನೆ) ಎಂದು ಕಾಣುತ್ತದೆ. ಎರಡನೆಯ ಅರ್ಥಕ್ಕೆ ಇಂಗ್ಲಿಷಿನಲ್ಲಿ ಸಹಾಯಕ ಕ್ರಿಯಾಪದ ಬೇಕು. ತುಳುವಿನಲ್ಲಿ ಒಂದೇ ಪದ ಸಾಕು.

ನಿಷೇಧಕ್ಕೆ ಇಂಗ್ಲಿಷ್ 'ಡು' ಮತ್ತು 'ನಾಟ್' ಎಂಬ ಪ್ರತ್ಯೇಕ ಪದಗಳನ್ನು ಬಳಸುತ್ತದೆ. ಕನ್ನಡದ 'ಬರುವುದಿಲ್ಲ' ಎಂಬ ರೂಪವು ಎಲ್ಲ ಪುರುಷಗಳಿಗೂ ಒಂದೇ. ತುಳುವಿನಲ್ಲಾದರೋ ನಿಷೇಧ ಕ್ರಿಯಾಪದವೂ ಕರ್ತೃವನ್ನು ಅನುಸರಿಸುತ್ತದೆ: 'ಯಾನ್ ಬರ್ಪುಜಿ' (ನಾನು ಬರುವುದಿಲ್ಲ), 'ಆಯೆ ಬರ್ಪುಜೆ' (ಅವನು ಬರುವುದಿಲ್ಲ), 'ಆಕುಲು ಬರ್ಪುಜೆರ್' (ಅವರು ಬರುವುದಿಲ್ಲ). ತುಳು ಕನ್ನಡದ ಉಪಭಾಷೆಯಲ್ಲ, ಸ್ವತಂತ್ರ ಭಾಷೆ ಎಂಬುದನ್ನು ತೋರಿಸುವ ವ್ಯಾಕರಣ ಲಕ್ಷಣಗಳಲ್ಲಿ ಇದೂ ಒಂದು.

ಪ್ರಶ್ನಾರ್ಥಕ ವಾಕ್ಯಗಳು

ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗಳಲ್ಲಿ ಇಂಗ್ಲಿಷ್ ಸಹಾಯಕ ಕ್ರಿಯಾಪದವನ್ನು ವಾಕ್ಯದ ಆರಂಭಕ್ಕೆ ತರುತ್ತದೆ. ತುಳುವಿನಲ್ಲಿ ಪದಕ್ರಮ ಬದಲಾಗದೆ ಕೊನೆಯಲ್ಲಿ ಪ್ರಶ್ನಾರ್ಥಕ ಪ್ರತ್ಯಯ ಸೇರುತ್ತದೆ: 'ಆಯೆ ಬತ್ತೆನಾ?' (ಅವನು ಬಂದನೇ?). 'ಈ ಏಪ ಬತ್ತ?' (ನೀನು ಯಾವಾಗ ಬಂದೆ?) ಎಂಬಲ್ಲಿ ಪ್ರಶ್ನಪದವು ಕ್ರಿಯಾಪದದ ಹಿಂದೆಯೇ ಇರುತ್ತದೆ, ಇಂಗ್ಲಿಷಿನಲ್ಲಿ ಅದು ವಾಕ್ಯದ ಮೊದಲಿಗೆ ಬರುತ್ತದೆ.

ಅನುಭವಸೂಚಕ ವಾಕ್ಯಗಳು

ಹಸಿವು, ಬೇಕು-ಬೇಡ, ತಿಳಿವಳಿಕೆ ಮುಂತಾದವನ್ನು ಹೇಳುವಾಗ ತುಳುವಿನಲ್ಲಿ ಅನುಭವಿಸುವವರು ಚತುರ್ಥೀ ವಿಭಕ್ತಿಯಲ್ಲಿರುತ್ತಾರೆ: 'ಎಂಕ್ ಬಡವಾಪುಂಡು' (ನನಗೆ ಹಸಿವಾಗುತ್ತದೆ), 'ಎಂಕ್ ತುಳು ಬರ್ಪುಂಡು' (ನನಗೆ ತುಳು ಬರುತ್ತದೆ). ಇಂಗ್ಲಿಷಿನಲ್ಲಿ ಇಲ್ಲಿಯೂ 'ಐ' ಎಂಬ ಕರ್ತೃರೂಪವೇ ಇರುತ್ತದೆ. 'ಉಂದು ಎನ್ನ ಇಲ್ಲ್' (ಇದು ನನ್ನ ಮನೆ) ಎಂಬಂಥ ವಾಕ್ಯಗಳಿಗೆ ತುಳುವಿನಲ್ಲಿ ಕ್ರಿಯಾಪದವೇ ಬೇಕಿಲ್ಲ. ಇಂಗ್ಲಿಷಿನಲ್ಲಿ 'ಈಸ್' ಅನಿವಾರ್ಯ.

ಸಂಯೋಜಿತ ವಾಕ್ಯಗಳು

'ಕೋಡೆ ಬತ್ತಿನ ಬಾಲೆ' (ನಿನ್ನೆ ಬಂದ ಮಗು) ಎಂಬಲ್ಲಿ ವಿವರಣೆಯು ಕೃದಂತ ರೂಪದಲ್ಲಿ ನಾಮಪದಕ್ಕಿಂತ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ ನಾಮಪದ ಮೊದಲು ಬಂದು, 'ಹೂ' ಎಂಬ ಸಂಬಂಧವಾಚಕದ ಮೂಲಕ ವಿವರಣೆ ಮುಂದುವರಿಯುತ್ತದೆ. ಒಂದರ ನಂತರ ಒಂದು ನಡೆಯುವ ಕ್ರಿಯೆಗಳನ್ನು ಇಂಗ್ಲಿಷ್ 'ಆ್ಯಂಡ್' ಎಂಬ ಪದದಿಂದ ಜೋಡಿಸಿದರೆ, ತುಳು ಅಪೂರ್ಣ ಕ್ರಿಯಾಪದಗಳಿಂದ ಜೋಡಿಸುತ್ತದೆ: 'ಯಾನ್ ಇಲ್ಲಗ್ ಪೋದು ಒಣಸ್ ಮಲ್ತ್‌ದ್ ಬರ್ಪೆ' (ನಾನು ಮನೆಗೆ ಹೋಗಿ ಊಟ ಮಾಡಿ ಬರುತ್ತೇನೆ). ಇಲ್ಲಿ ಕಾಲ ಹಾಗೂ ಪುರುಷಗಳ ಸೂಚನೆ ಕೊನೆಯ ಕ್ರಿಯಾಪದದಲ್ಲಿ ಮಾತ್ರವಿದೆ.

ಕಲಿಕೆಯಲ್ಲಿ ಮಹತ್ವ

ಬೆಂಗಳೂರಿನ ವಿಜಯನಗರ ಮೊದಲಾದ ಬಡಾವಣೆಗಳಲ್ಲಿ ನೆಲೆಸಿರುವ ತುಳು ಕುಟುಂಬಗಳ ಮಕ್ಕಳು ಮನೆಯಲ್ಲಿ ತುಳು, ಹೊರಗೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಬಳಸುವ ಸನ್ನಿವೇಶದಲ್ಲಿ ಬೆಳೆಯಬಹುದು. ಇಂಗ್ಲಿಷ್ ಬರೆಯುವಾಗ 'ಎ', 'ದ' ಬಿಟ್ಟುಹೋಗುವುದು, ಪ್ರಶ್ನೆಯಲ್ಲಿ ಪದಕ್ರಮ ಬದಲಾಗದಿರುವುದು ಮೊದಲಾದ ತಪ್ಪುಗಳಿಗೆ ಮಾತೃಭಾಷೆಯ ರಚನೆ ಕಾರಣವಾಗಿರುವ ಸಾಧ್ಯತೆಯಿದೆ. ಅವನ್ನು ಅಜಾಗರೂಕತೆಯೆಂದು ಮಾತ್ರ ಎಣಿಸಲಾಗದು. ಅಂತೆಯೇ ಇಂಗ್ಲಿಷ್ ಮೂಲಕ ತುಳು ಕಲಿಯುವವರು ಪ್ರತಿಯೊಂದು ವಾಕ್ಯದಲ್ಲೂ ಕರ್ತೃಪದವನ್ನು ಸೇರಿಸಿದರೆ ಮಾತು ಅಸಹಜವೆನಿಸುತ್ತದೆ. ಒಂದು ಭಾಷೆಯನ್ನು ಇನ್ನೊಂದರ ವ್ಯಾಕರಣದ ಚೌಕಟ್ಟಿನಲ್ಲಿ ವಿವರಿಸುವುದರ ಮಿತಿಯನ್ನು ಶಂಕರ ಭಟ್ ಅವರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಕೃತಿಯಲ್ಲಿ ಕನ್ನಡದ ಸಂದರ್ಭದಲ್ಲಿ ಚರ್ಚಿಸಿದ್ದಾರೆ. ಈ ವಿಚಾರವು ತುಳುವಿಗೂ ಅನ್ವಯಿಸುತ್ತದೆ.