14 ಪದಗಳವರೆಗೆ ಮಾಫಿ

ಇಂದಿರಾನಗರದ 100 ಅಡಿ ರಸ್ತೆಯ ಕಾಫಿ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರೆಲ್ಲ ಸ್ಟಾರ್ಟಪ್‌ನವರಲ್ಲ. ಥೀಸಿಸ್ ಮುಗಿಸಲು ಒದ್ದಾಡುತ್ತಿರುವವರೂ ಇರ್ತಾರೆ. ಅವರಲ್ಲಿ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: 'ಸಿಮಿಲಾರಿಟಿ ಎಷ್ಟು ಬಂತು?'

ಇದು ಯುಜಿಸಿಯ 2018ರ ನಿಯಮದ ಪ್ರಭಾವ. ಬೇರೆಯವರ ಬರಹದ ಜತೆ ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಸಾಮಾನ್ಯ ಮಾತು ಅಕಸ್ಮಾತ್ ಹೊಂದಿಕೊಂಡರೆ ಸತತ 14 ಪದಗಳವರೆಗೆ ಮಾಫಿ! (14 ಯಾಕೆ, 15 ಯಾಕಲ್ಲ ಅಂತ ಕೇಳಬೇಡಿ.)

ಮೊದಲೆಲ್ಲ ಈ ಲೆಕ್ಕ ಇರಲಿಲ್ಲ. ಕದ್ದದ್ದು ಓದುಗನ ಕಣ್ಣಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2002ರಲ್ಲಿ ಕುಮಾವೂನ್ ವಿಶ್ವವಿದ್ಯಾಲಯದ ಕುಲಪತಿ ಬಿ.ಎಸ್. ರಜಪೂತ್ ಅವರ ಭೌತಶಾಸ್ತ್ರದ ಲೇಖನ ಸ್ಟ್ಯಾನ್‌ಫರ್ಡ್‌ನ ರೆನಾಟಾ ಕಲೋಶ್ ಅವರದರ ನಕಲು ಅಂತ ಬಯಲಾಯಿತು. ಅಲ್ಲಿನ ವಿಜ್ಞಾನಿಗಳು ನೇರ ರಾಷ್ಟ್ರಪತಿ ಕಲಾಂ ಅವರಿಗೇ ಪತ್ರ ಬರೆದರು. ತನಿಖೆಯಾಗಿ ಮುಂದಿನ ವರ್ಷ ಕುಲಪತಿ ರಾಜೀನಾಮೆ ಕೊಟ್ಟರು. 2008ರಲ್ಲಿ ಕ್ರಾಸ್‌ಚೆಕ್ ಬಂತು. ಸಲ್ಲಿಕೆಯಾದ ಬರಹವನ್ನು ಪ್ರಕಟಿತ ಲೇಖನಗಳ ರಾಶಿಯ ಜತೆ ತಾಳೆ ನೋಡುವ ಕೆಲಸ ಯಂತ್ರದ ಪಾಲಾಯಿತು.

ಹಾಗಿದ್ದೂ 2011ರಲ್ಲಿ ನಮ್ಮ ಊರಿನದೇ ಒಂದು ಲೇಖನ ಸಿಕ್ಕಿಬಿತ್ತು. ಜರ್ಮನಿಯಿಂದ ಬರುವ 'ಅಡ್ವಾನ್ಸ್ಡ್ ಮೆಟೀರಿಯಲ್ಸ್'ನಲ್ಲಿ ಗ್ರಾಫೀನ್ ಬಗ್ಗೆ ಬಂದ ಆ ಲೇಖನಕ್ಕೆ ನಾಲ್ವರು ಲೇಖಕರು, ಅವರಲ್ಲೊಬ್ಬರು ಸಿ.ಎನ್.ಆರ್. ರಾವ್. ಅದರ ಕೆಲವು ಸಾಲುಗಳು ಹಿಂದಿನ ವರ್ಷ 'ಅಪ್ಲೈಡ್ ಫಿಸಿಕ್ಸ್ ಲೆಟರ್ಸ್'ನಲ್ಲಿ ಬೇರೆಯವರು ಬರೆದಿದ್ದವು. ಜರ್ನಲ್ ಲೇಖಕರ ಕ್ಷಮಾಪಣೆ ಪ್ರಕಟಿಸಿತು, ಲೇಖನವನ್ನು ಹಿಂಪಡೆಯಲಿಲ್ಲ. 2012ರ ಫೆಬ್ರವರಿಯಲ್ಲಿ ಸುದ್ದಿ ದಿನಪತ್ರಿಕೆಗಳಿಗೆ ಬಂದಾಗ ರಾವ್ ಅವರ ವಾದ ಇದು: ವಾಕ್ಯ ನಕಲಾಗಿದೆ, ಫಲಿತಾಂಶ ನಮ್ಮದೇ, ಇದನ್ನು ಕೃತಿಚೌರ್ಯ ಅನ್ನಬಾರದು.

ಅರ್ಧ ಒಪ್ತೀನಿ. ಫಲಿತಾಂಶ ಕದಿಯುವುದೂ ಪೀಠಿಕೆಯ ಸಾಲು ಎತ್ತುವುದೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಸಂಪಾದಕರ ಸಂಸ್ಥೆಯಾದ ಕೋಪ್‌ನ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಮೊದಲು ಲೇಖಕರನ್ನು ಕೇಳಿ, ನಕಲು ಎಷ್ಟು, ಎಲ್ಲಿಯದು ಅಂತ ನೋಡಿ. ಸಣ್ಣದಾದರೆ ತಿದ್ದುಪಡಿ, ದೊಡ್ಡದಾದರೆ ಹಿಂಪಡೆಯುವಿಕೆ, ಜತೆಗೆ ಅವರ ಸಂಸ್ಥೆಗೆ ಪತ್ರ. ಜರ್ನಲ್ ಕೈಯಲ್ಲಿರುವುದು ದಾಖಲೆ ಸರಿಪಡಿಸುವುದು ಮಾತ್ರ. ಸಂಬಳ ಕಡಿಯಲು, ಡಿಗ್ರಿ ಕಸಿಯಲು ಅದು ಕೋರ್ಟಲ್ಲ. ಬರೆದವರು ಯಾರು ಅಂತ ವಿಚಾರಿಸಿ ಶಿಕ್ಷೆ ಕೊಡಬೇಕಾದದ್ದು ಮನೆಯ ಯಜಮಾನ, ಅಂದರೆ ಲೇಖಕರ ಸಂಸ್ಥೆ.

ಒಪ್ಪದ ಅರ್ಧ ಇನ್ನೊಂದಿದೆ. ಆಗಿನ ಚರ್ಚೆಯಲ್ಲಿ ಬೆರಳು ವಿದ್ಯಾರ್ಥಿಯ ಕಡೆಗೇ ತಿರುಗಿತು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತ ಹುಡುಗರು ಪೀಠಿಕೆ ಬರೆಯುವಾಗ ಚೆಂದದ ವಾಕ್ಯ ಕಂಡರೆ ಎತ್ತಿಡುವುದು ನಮ್ಮ ಲ್ಯಾಬುಗಳಿಗೆ ಹೊಸದಲ್ಲ. ಅದನ್ನು ಸರಿ ಅಂತ ಹೇಳ್ತಿಲ್ಲ. ಆದರೆ ಕಳಿಸುವ ಮೊದಲು ಓದಬೇಕಾದವರು ಹಿರಿಯರಲ್ವಾ? ಲೇಖನ ಮೆಚ್ಚುಗೆ ಪಡೆದಿದ್ದರೆ ಅದರ ಹೆಸರು ನಾಲ್ವರಿಗೂ ಬರುತ್ತಿತ್ತು. 2013ರ ನವೆಂಬರ್‌ನಲ್ಲಿ ರಾವ್ ಅವರಿಗೆ ಭಾರತರತ್ನ ಘೋಷಣೆಯಾಯಿತು, ಅವರ ದಶಕಗಳ ಕೆಲಸಕ್ಕೆ ಅದು ಸಲ್ಲಬೇಕಾದದ್ದೇ. ಯುಜಿಸಿ ನಿಯಮ ಈಗ ಥೀಸಿಸ್ ಜತೆ ಮಾರ್ಗದರ್ಶಕರಿಂದಲೂ 'ಇದರಲ್ಲಿ ನಕಲಿಲ್ಲ' ಅಂತ ಪ್ರಮಾಣಪತ್ರ ಕೇಳುತ್ತದೆ.