ಲೋಕಿ: ದೇವಸಭೆಯ ಒಳಗಿದ್ದ ಹೊರಗಿನವ

ಡೆನ್ಮಾರ್ಕಿನ ಸ್ನಾಪ್‌ಟುನ್ ಎಂಬಲ್ಲಿ, ಸಮುದ್ರ ತೀರದಲ್ಲಿ, 1950ರಲ್ಲಿ ಒಂದು ಕಲ್ಲು ದೊರೆಯಿತು. ಸುಮಾರು ಸಾವಿರ ವರ್ಷ ಹಳೆಯ ಬಳಪದ ಕಲ್ಲು ಅದು. ಕುಲುಮೆಯ ಬೆಂಕಿಯಿಂದ ತಿದಿಯನ್ನು ಕಾಪಾಡಲು ಕಮ್ಮಾರರು ಅಂತಹ ಕಲ್ಲನ್ನು ಬಳಸುತ್ತಿದ್ದರು. ಅದರ ಮೇಲೆ ಮೀಸೆಯುಳ್ಳ ಒಂದು ಮುಖ ಕೆತ್ತಲಾಗಿದೆ. ತುಟಿಗಳ ಮೇಲೆ ಹೊಲಿಗೆ ಹಾಕಿದಂತಹ ಗೆರೆಗಳಿವೆ. ಈ ಗುರುತಿನಿಂದಲೇ ವಿದ್ವಾಂಸರು ಆ ಮುಖವನ್ನು ಲೋಕಿಯದೆಂದು ಗುರುತಿಸಿದ್ದಾರೆ.

ಉತ್ತರ ಯುರೋಪಿನ ನಾರ್ಸ್ ಪುರಾಣಗಳ ಲೋಕಿ ಇಂದು ಮಕ್ಕಳಿಗೂ ಪರಿಚಿತ ಹೆಸರು. 1962ರಿಂದ ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ಗಳಲ್ಲಿಯೂ 2011ರಿಂದ ಆ ಸಂಸ್ಥೆಯ ಚಲನಚಿತ್ರಗಳಲ್ಲಿಯೂ ಅವನು ಗುಡುಗಿನ ದೇವತೆ ಥಾರ್‌ನ ಸಾಕುತಮ್ಮನಾಗಿ ಕಾಣಿಸಿಕೊಂಡಿದ್ದಾನೆ. ಆದರೆ ಹಳೆಯ ಗ್ರಂಥಗಳಲ್ಲಿ ಇಂತಹ ಸಂಬಂಧವಿಲ್ಲ. ಅಲ್ಲಿ ಅವನು ದೇವತೆಗಳ ಒಡೆಯ ಓಡಿನ್‌ನೊಂದಿಗೆ ರಕ್ತ ಬೆರೆಸಿ ಸೋದರನಾದವನು. ತಂದೆ ಫಾರ್ಬೌಟಿ ದೈತ್ಯ. ತಂದೆಯ ಹೆಸರಿನಿಂದ ಮಗನನ್ನು ಕರೆಯುವ ಆ ಸಮಾಜದಲ್ಲಿ ಇವನನ್ನು ಲೌಫೇ ಎಂಬ ತಾಯಿಯ ಹೆಸರಿನಿಂದ ಕರೆಯಲಾಗಿದೆ. ದೇವತೆಗಳಿಗೂ ದೈತ್ಯರಿಗೂ ತೀರದ ಹಗೆ. ಹೀಗಿರುವಾಗ ಶತ್ರುಕುಲದ ಒಬ್ಬನು ಮಾತ್ರ ದೇವಸಭೆಯಲ್ಲಿ ಕುಳಿತಿದ್ದಾನೆ. ಅವನು ಒಳಗಿನವನೋ ಹೊರಗಿನವನೋ ಎಂಬುದು ಕೊನೆಯವರೆಗೂ ಇತ್ಯರ್ಥವಾಗುವುದಿಲ್ಲ.

ತುಟಿಗಳನ್ನು ಹೊಲಿದ ಕತೆಯನ್ನೇ ನೋಡೋಣ. ಲೋಕಿ ಕಿಡಿಗೇಡಿತನದಿಂದ ಥಾರ್‌ನ ಪತ್ನಿ ಸಿಫ್‌ಳ ಕೂದಲನ್ನು ಕತ್ತರಿಸುತ್ತಾನೆ. ಎಲುಬು ಮುರಿಯುವೆನೆಂದು ಥಾರ್ ಎರಗಿದಾಗ, ಕುಶಲಕರ್ಮಿ ಕುಬ್ಜರ ಬಳಿ ಓಡಿ ಚಿನ್ನದ ಕೂದಲನ್ನು ಮಾಡಿಸುತ್ತಾನೆ. ಜೊತೆಗೆ ಒಂದು ಮಾಯಾ ಹಡಗು, ಓಡಿನ್‌ಗೆ ಈಟಿ. ಇದಕ್ಕಿಂತ ಉತ್ತಮವಾದುದನ್ನು ಮಾಡಲಾರಿರಿ ಎಂದು ಇನ್ನೊಬ್ಬ ಕುಬ್ಜನೊಂದಿಗೆ ತನ್ನ ತಲೆಯನ್ನೇ ಪಣಕ್ಕಿಡುತ್ತಾನೆ. ಆ ಪಂದ್ಯದಿಂದ ಉಂಗುರ, ಚಿನ್ನದ ಹಂದಿ ಮತ್ತು ಥಾರ್‌ನ ಸುತ್ತಿಗೆ ಹುಟ್ಟುತ್ತವೆ. ಸುತ್ತಿಗೆಯೇ ಶ್ರೇಷ್ಠವೆಂದು ದೇವತೆಗಳು ತೀರ್ಪಿತ್ತಾಗ ಲೋಕಿ ಸೋಲುತ್ತಾನೆ. ತಲೆ ನಿನ್ನದು, ಆದರೆ ಕುತ್ತಿಗೆ ನನ್ನದು ಎಂದು ವಾದಿಸಿ ಜೀವ ಉಳಿಸಿಕೊಳ್ಳುತ್ತಾನೆ. ಸಿಟ್ಟಿಗೆದ್ದ ಕುಬ್ಜ ಅವನ ತುಟಿಗಳನ್ನು ಹೊಲಿದುಬಿಡುತ್ತಾನೆ.

ದೇವತೆಗಳ ಅತ್ಯಮೂಲ್ಯ ಆಯುಧಗಳೆಲ್ಲ ಲೋಕಿಯ ತಂಟೆಯ ಫಲವಾಗಿಯೇ ಬಂದವು ಎಂಬುದನ್ನು ನಾವಿಲ್ಲಿ ಗಮನಿಸಬೇಕು. ಲಾಭ ಅವರಿಗೆ, ಹೊಲಿಗೆ ಇವನಿಗೆ.

ಕೋಟೆಯ ಕತೆಯೂ ಹೀಗೆಯೇ ಇದೆ. ಒಬ್ಬ ಅಪರಿಚಿತ ಶಿಲ್ಪಿ ದೇವನಗರಿಗೆ ಗೋಡೆ ಕಟ್ಟಲು ಮುಂದೆ ಬರುತ್ತಾನೆ. ಕೂಲಿಯಾಗಿ ಸೂರ್ಯ, ಚಂದ್ರ ಮತ್ತು ಫ್ರೇಯಾ ದೇವಿಯನ್ನು ಕೇಳುತ್ತಾನೆ. ಒಂದೇ ಚಳಿಗಾಲದಲ್ಲಿ ಮುಗಿಸಬೇಕೆಂಬ ಷರತ್ತು ಹಾಕಿ ದೇವತೆಗಳು ಆಣೆಯಿಟ್ಟು ಒಪ್ಪುತ್ತಾರೆ. ಲೋಕಿಯ ಸಲಹೆಯಂತೆ ಅವನ ಕುದುರೆಗೂ ಅನುಮತಿ ಸಿಗುತ್ತದೆ. ಕುದುರೆಯ ಬಲದಿಂದ ಕೆಲಸ ಮುಗಿಯುತ್ತಾ ಬಂದಾಗ ಎಲ್ಲರೂ ಲೋಕಿಯ ಮೇಲೆ ಹರಿಹಾಯುತ್ತಾರೆ. ಅವನು ಹೆಣ್ಣು ಕುದುರೆಯ ರೂಪ ತಾಳಿ ಆ ಕುದುರೆಯನ್ನು ಕಾಡಿಗೆ ಸೆಳೆದೊಯ್ಯುತ್ತಾನೆ. ಕೆಲಸ ನಿಲ್ಲುತ್ತದೆ. ಶಿಲ್ಪಿ ದೈತ್ಯನೆಂದು ತಿಳಿದ ಕೂಡಲೇ ದೇವತೆಗಳು ಆಣೆಯನ್ನು ಮರೆಯುತ್ತಾರೆ; ಥಾರ್ ಅವನ ತಲೆ ಒಡೆಯುತ್ತಾನೆ. ಲೋಕಿಗೆ ಹುಟ್ಟಿದ ಎಂಟು ಕಾಲಿನ ಕುದುರೆ ಓಡಿನ್‌ನ ಪಾಲಾಗುತ್ತದೆ.

ಇಷ್ಟಾದರೂ ಲೋಕಿ ನಿರಪರಾಧಿಯೆಂದು ಹೇಳುವಂತಿಲ್ಲ. ಎಲ್ಲರ ಪ್ರೀತಿಪಾತ್ರನಾದ ಬಾಲ್ಡರ್‌ಗೆ ಕೆಟ್ಟ ಕನಸುಗಳು ಬಿದ್ದಾಗ ಅವನ ತಾಯಿ ಫ್ರಿಗ್ ಜಗತ್ತಿನ ಎಲ್ಲ ವಸ್ತುಗಳಿಂದಲೂ, ಅವನಿಗೆ ನೋವುಂಟುಮಾಡುವುದಿಲ್ಲವೆಂಬ ಮಾತು ಪಡೆಯುತ್ತಾಳೆ. ಮಿಸಲ್‌ಟೋ ಎಂಬ ಬಂದಳಿಕೆ ಗಿಡವನ್ನು ಮಾತ್ರ ಎಳೆಯದೆಂದು ಬಿಡುತ್ತಾಳೆ. ಲೋಕಿ ಈ ಗುಟ್ಟನ್ನು ತಿಳಿದು ಅದರ ಕಡ್ಡಿಯನ್ನು ಕುರುಡ ಹೋಡ್‌ನ ಕೈಗಿಟ್ಟು ಎಸೆಯುವಂತೆ ಮಾಡುತ್ತಾನೆ. ಬಾಲ್ಡರ್ ಸಾಯುತ್ತಾನೆ. ಇದು ತಂಟೆಯಲ್ಲ, ಕೊಲೆ. ಶಿಕ್ಷೆಯೂ ಭೀಕರವಾದುದೇ. ಸ್ವಂತ ಮಗನ ಕರುಳಿನಿಂದ ಲೋಕಿಯನ್ನು ಬಂಡೆಗಳಿಗೆ ಕಟ್ಟಿ, ಮುಖದ ಮೇಲೆ ಹಾವಿನ ವಿಷ ತೊಟ್ಟಿಕ್ಕುವಂತೆ ಮಾಡಲಾಗುತ್ತದೆ. ಪತ್ನಿ ಸಿಗಿನ್ ಬಟ್ಟಲು ಹಿಡಿದು ಆ ವಿಷವನ್ನು ತಡೆಯುತ್ತಾಳೆ. ಬಟ್ಟಲು ತುಂಬಿ ಅವಳು ಅದನ್ನು ಚೆಲ್ಲಲು ಹೋದಾಗ ಅವನು ಒದ್ದಾಡುತ್ತಾನೆ, ಅದೇ ಭೂಕಂಪ. ಲೋಕಾಂತ್ಯದ ದಿನ ಅವನು ಕಟ್ಟು ಕಳಚಿಕೊಂಡು ದೇವತೆಗಳ ವಿರುದ್ಧ ಬರುತ್ತಾನೆ.

ಈಗ ಒಂದು ಪ್ರಶ್ನೆ ಏಳುತ್ತದೆ: ಈ ಕತೆಗಳನ್ನು ಬರೆದವರು ಯಾರು? ಆ ದೇವತೆಗಳನ್ನು ಪೂಜಿಸುತ್ತಿದ್ದವರಂತೂ ಗ್ರಂಥಗಳನ್ನು ಬರೆದಿಡಲಿಲ್ಲ. ಬಗ್ದಾದಿನಿಂದ ಖಲೀಫರ ನಿಯೋಗದೊಂದಿಗೆ ಹೊರಟ ಇಬ್ನ್ ಫದ್ಲಾನ್ 922ರಲ್ಲಿ ವೋಲ್ಗಾ ನದಿಯ ಬಳಿ ರೂಸ್ ವರ್ತಕರನ್ನು ಕಂಡರು. ಇವರು ಸ್ಕ್ಯಾಂಡಿನೇವಿಯಾ ಮೂಲದವರೆಂದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಮುಖ ಕೆತ್ತಿದ ಮರದ ಕಂಬದ ಮುಂದೆ ರೊಟ್ಟಿ, ಮಾಂಸ ಇಟ್ಟು ಒಳ್ಳೆಯ ಗಿರಾಕಿಯನ್ನು ಬೇಡುತ್ತಿದ್ದುದನ್ನು ಅವರು ದಾಖಲಿಸಿದ್ದಾರೆ. ಜನರು ದೇವತೆಗಳಿಂದ ವ್ಯಾಪಾರ, ಮಳೆ, ಗೆಲುವು ಬೇಡುತ್ತಿದ್ದರು. ಥಾರ್, ಓಡಿನ್, ಫ್ರೇ ಇವರ ಹೆಸರುಗಳು ಸ್ಕ್ಯಾಂಡಿನೇವಿಯಾದ ಊರುಗಳಲ್ಲಿ ಇಂದಿಗೂ ಉಳಿದಿವೆ. ಆದರೆ ಲೋಕಿಯನ್ನು ಪೂಜಿಸಿದ್ದಕ್ಕೆ ಖಚಿತ ಸಾಕ್ಷ್ಯ ದೊರೆತಿಲ್ಲ. ಅವನು ಪೂಜೆಯ ದೇವತೆಯಲ್ಲ, ಕತೆಯ ದೇವತೆ.

ಐಸ್‌ಲ್ಯಾಂಡ್ ಕ್ರಿ.ಶ. 1000ದ ಸುಮಾರಿಗೆ ತನ್ನ ಆಲ್ಥಿಂಗ್ ಜನಸಭೆಯ ತೀರ್ಮಾನದಂತೆ ಕ್ರೈಸ್ತ ಧರ್ಮವನ್ನು ಸ್ವೀಕರಿಸಿತು. ಅದಾಗಿ ಎರಡು ಶತಮಾನಗಳ ಬಳಿಕ, ಸುಮಾರು 1220ರಲ್ಲಿ, ಕ್ರೈಸ್ತನಾದ ಸ್ನೋರಿ ಸ್ಟರ್ಲುಸನ್ 'ಎಡ್ಡಾ' ಬರೆದ. ಹಳೆಯ ಕತೆಗಳು ಗೊತ್ತಿಲ್ಲದಿದ್ದರೆ ಹಳೆಯ ಕಾವ್ಯದ ರೂಪಕಗಳು ಅರ್ಥವಾಗುವುದಿಲ್ಲ. ಕಿರಿಯ ಕವಿಗಳಿಗೆ ಅವನ್ನು ಕಲಿಸುವುದು ಅವನ ಉದ್ದೇಶವಾಗಿತ್ತು. ತಾನು ನಂಬದ ದೇವತೆಗಳನ್ನು ಅವನು ಟ್ರಾಯ್‌ನಿಂದ ವಲಸೆ ಬಂದ ಮನುಷ್ಯರೆಂದು ವಿವರಿಸಿದ. ಲೋಕಿಯನ್ನು ವಂಚನೆಯ ಮೂಲವೆಂದೂ ದೇವ ಮಾನವರಿಬ್ಬರಿಗೂ ಕಳಂಕವೆಂದೂ ಪರಿಚಯಿಸಿದ. ಬಾಲ್ಡರ್‌ನ ಸಾವಿನ ವಿಸ್ತಾರವಾದ ಕತೆ ನಮಗೆ ಸಿಗುವುದು ಸ್ನೋರಿಯಿಂದಲೇ. ಅವನಿಗಿಂತ ತುಸು ಹಿಂದಿನ ಡೆನ್ಮಾರ್ಕಿನ ಇತಿಹಾಸಕಾರ ಸ್ಯಾಕ್ಸೋ ಹೇಳುವ ಕತೆಯಲ್ಲಿ ಒಬ್ಬ ಹೆಣ್ಣಿಗಾಗಿ ಇಬ್ಬರು ವೀರರು ಕಾದಾಡುತ್ತಾರೆ, ಬಾಲ್ಡರ್ ಸಾಯುತ್ತಾನೆ. ಅಲ್ಲಿ ಲೋಕಿಯ ಸುಳಿವೇ ಇಲ್ಲ.

ಹಾಗಾದರೆ ಲೋಕಿಯನ್ನು ಸೈತಾನನಾಗಿಸಿದವರು ಕ್ರೈಸ್ತ ಲೇಖಕರೇ? ಹಾಗೆಂದು ತೀರ್ಮಾನಿಸಿಬಿಡುವುದೂ ಸರಿಯಲ್ಲ. 'ಲೋಕಸೆನ್ನಾ' ಎಂಬ ಹಳೆಯ ಕವಿತೆಯಲ್ಲಿ, ಬಾಲ್ಡರ್ ಇಲ್ಲವಾಗಲು ತಾನೇ ಕಾರಣವೆಂದು ಲೋಕಿ ಫ್ರಿಗ್‌ಳ ಮುಂದೆಯೇ ಹೇಳುತ್ತಾನೆ. ಇಂಗ್ಲೆಂಡಿನ ಗೋಸ್‌ಫರ್ತ್‌ನಲ್ಲಿ ಸ್ನೋರಿಗಿಂತ ಸುಮಾರು ಮುನ್ನೂರು ವರ್ಷ ಹಳೆಯದಾದ, 10ನೇ ಶತಮಾನದ ಶಿಲುಬೆಯೊಂದಿದೆ. ಅದರ ಮೇಲೆ ಕಟ್ಟಿಹಾಕಿದ ಒಬ್ಬ ಗಂಡಸು ಮತ್ತು ಬಟ್ಟಲು ಹಿಡಿದ ಹೆಂಗಸಿನ ಚಿತ್ರವಿದೆ. ಅಂದರೆ ಬಂಧಿತ ಲೋಕಿಯ ಕತೆ ಸ್ನೋರಿಯ ಕಲ್ಪನೆಯಲ್ಲ. ಅವನು ಲೋಕಿಯನ್ನು ಸೃಷ್ಟಿಸಲಿಲ್ಲ. ತೂಕವನ್ನು ಒಂದು ಕಡೆಗೆ ವಾಲಿಸಿರಬಹುದು.

ಆದರೂ ಸ್ನೋರಿಯನ್ನು ನಾವು ಮೆಚ್ಚಲೇಬೇಕು. ಲೋಕಿಯನ್ನು ಕಳಂಕವೆಂದು ಕರೆದವನೇ ದೇವತೆಗಳ ತಪ್ಪುಗಳನ್ನೂ ಮುಚ್ಚಿಡದೆ ಬರೆದ. ಲೋಕಿಯ ಮೂವರು ಮಕ್ಕಳಿಂದ ಕೇಡಾಗುವುದೆಂಬ ಭವಿಷ್ಯವಾಣಿ ಕೇಳಿದೊಡನೆ, ಅವರು ಏನನ್ನೂ ಮಾಡುವ ಮೊದಲೇ, ಹಾವನ್ನು ಕಡಲಿಗೆಸೆದರು. ಹೆಲ್ ಎಂಬ ಮಗಳನ್ನು ಪಾತಾಳಕ್ಕೆ ತಳ್ಳಿದರು. ಬಿಡಿಸುತ್ತೇವೆಂದು ಮಾತು ಕೊಟ್ಟು ಫೆನ್ರಿರ್ ತೋಳವನ್ನು ಕಟ್ಟಿಹಾಕಿದರು. ಆ ಸುಳ್ಳು ಮಾತಿಗೆ ಒತ್ತೆಯಾಗಿ ತೋಳದ ಬಾಯಿಯಲ್ಲಿ ಕೈಯಿಟ್ಟ ಟ್ಯೂರ್ ತನ್ನ ಕೈಯನ್ನು ಕಳೆದುಕೊಂಡ. ಮುಂದೆ ಲೋಕಾಂತ್ಯದಲ್ಲಿ ಓಡಿನ್‌ನನ್ನು ನುಂಗುವುದು ಇದೇ ತೋಳ, ಥಾರ್‌ನ ಸಾವಿಗೆ ಕಾರಣವಾಗುವುದು ಇದೇ ಹಾವಿನ ವಿಷ.

ಇಂತಹ ಕತೆಗಳ ಅರ್ಥ ಸ್ನೋರಿಗೆ ಚೆನ್ನಾಗಿ ತಿಳಿದಿರಬೇಕು. ಅವನ ಕಾಲದ ಐಸ್‌ಲ್ಯಾಂಡ್ ಬಂಧುಗಳ ಕಲಹದಿಂದ ನುಚ್ಚುನೂರಾಗಿತ್ತು. 1241ರಲ್ಲಿ ನಾರ್ವೆ ದೊರೆಯ ಪರವಾಗಿ ಅವನನ್ನು ರೇಕ್‌ಹೋಲ್ಟ್‌ನ ಸ್ವಂತ ಮನೆಯಲ್ಲೇ ಕೊಲ್ಲಿಸಿದವನು, ಒಮ್ಮೆ ಅವನ ಅಳಿಯನಾಗಿದ್ದ ಗಿಸ್ಸುರ್. ಮರಣಶತ್ರು ಹೊರಗಿನಿಂದ ಬರಲಿಲ್ಲ. ಇದಾಗಿ ಸುಮಾರು 20 ವರ್ಷಗಳಲ್ಲಿ ಐಸ್‌ಲ್ಯಾಂಡ್ ತನ್ನ ಸ್ವಾತಂತ್ರ್ಯವನ್ನೇ ಕಳೆದುಕೊಂಡಿತು.

ಲೋಕಿಯನ್ನು ಕೇವಲ ಖಳನೆನ್ನುವುದು ಸುಲಭ. ಅವನನ್ನು ಬಂಡಾಯಗಾರ ನಾಯಕನನ್ನಾಗಿ ಮಾಡುವುದೂ ಇಂದಿನ ದಿನಗಳಲ್ಲಿ ಅಷ್ಟೇ ಸುಲಭ. ಮೊದಲ ಓದಿನಲ್ಲಿ ದೇವತೆಗಳ ಮುರಿದ ಆಣೆಗಳು ಮರೆಯಾಗುತ್ತವೆ, ಎರಡನೆಯದರಲ್ಲಿ ಬಾಲ್ಡರ್‌ನ ಶವ ಮರೆಯಾಗುತ್ತದೆ. ಮೂಲ ಕತೆಗಳು ಎರಡನ್ನೂ ಮರೆಯಲು ಬಿಡುವುದಿಲ್ಲ. ತಮ್ಮ ಕೊಳಕು ಕೆಲಸಗಳಿಗೆಲ್ಲ ಒಬ್ಬನನ್ನು ಬಳಸಿಕೊಂಡು, ಎಡವಟ್ಟಾದಾಗ ಅವನು ನಮ್ಮವನೇ ಅಲ್ಲ ಎನ್ನುವ ಸಭೆಯನ್ನು ಅವು ನಮ್ಮ ಮುಂದಿಡುತ್ತವೆ. ಆ ಸಭೆ ಲೋಕಿಯನ್ನು ಬಂಡೆಗೆ ಕಟ್ಟಿತು. ಆದರೆ ಅವನನ್ನು ಕಟ್ಟುವುದಕ್ಕೆ ಬಹಳ ಹಿಂದೆಯೇ ತಾನು ಮುರಿದ ಆಣೆಗಳನ್ನು ಮತ್ತೆ ಜೋಡಿಸಲು ಅದಕ್ಕೆ ಸಾಧ್ಯವಾಗಲಿಲ್ಲ.